ನನ್ನ ಕಾಲಿಗೆ ಬಂದ ಅವರ ನೋವು

ಆಗುವುದು ಮೊದಲೇ ಮನಸ್ಸಿಗೆ ತಿಳಿಯುತ್ತದೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ರಾಗಿ ಹೊಲದಲ್ಲಿ ಕಳೆ ಕಿತ್ತ ಕೈಯಲ್ಲೇ ನರ್ಸಿಂಗ್ ಪದವಿ ಹಿಡಿದು ಬಂದವಳು. ಕಾರಣ ತಿಳಿಯದ್ದನ್ನು ಒಪ್ಪುವುದಿಲ್ಲ ಎಂಬ ಜಂಬ ಆಗಲೂ ಇತ್ತು, ಈಗಲೂ ಇದೆ. ಆದರೂ ಒಂದು ಮಧ್ಯಾಹ್ನದ ಸಂಗತಿಗೆ ನನ್ನ ಹತ್ತಿರ ಕಾರಣವಿಲ್ಲ.

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಕೃಷ್ಣಮೂರ್ತಿಪುರಂ ಕಡೆಯ ಪಾತ್ರೆ ಅಂಗಡಿಯ ಶಿವಮಲ್ಲಪ್ಪನವರು ರಕ್ತವಾಂತಿ ಮಾಡಿಕೊಂಡು ನಮ್ಮ ವಾರ್ಡಿಗೆ ಬಂದರು. ಜಠರದಲ್ಲಿ ಹುಣ್ಣು. ಎಂಡೋಸ್ಕೋಪಿ ಮಾಡಿ ರಕ್ತ ನಿಲ್ಲಿಸಿದ್ದಾಯಿತು. ಮನೆಯಲ್ಲಿ ಯಾವ ಮಾತ್ರೆ ತಗೊಳ್ತಾರೆ ಎಂದು ಬಂದ ದಿನವೇ ಕೇಳಿದ್ದೆ. “ಯಾವ್ದೂ ಇಲ್ಲ ಕಣಮ್ಮ. ಬಿಪಿ ಇಲ್ಲ, ಶುಗರ್ ಇಲ್ಲ” ಎಂದಿದ್ದರು ಅವರ ಹೆಂಡತಿ ಗೌರಮ್ಮ.

ಮೂರನೆಯ ದಿನ ಬೆಳಿಗ್ಗೆ ಅವರ ಎಡಗಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡಿತು. ಹೊದಿಕೆ ತಗುಲಿದರೂ ಕಿರುಚುತ್ತಿದ್ದರು. ಗೌಟ್, ಅಂದರೆ ಯೂರಿಕ್ ಆಸಿಡ್ ಕೀಲಿನಲ್ಲಿ ಸೇರಿಕೊಂಡು ಬರುವ ನೋವು. ಆಗ ವಿಷಯ ಹೊರಬಿತ್ತು. ಇದು ಬಂದಾಗಲೆಲ್ಲ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರಂತೆ. ಯಾಕೆ ಹೇಳಲಿಲ್ಲ ಎಂದರೆ ಗೌರಮ್ಮ, “ನೀವು ಕಾಯಿಲೆ ಮಾತ್ರೆ ಕೇಳಿದ್ರಿ. ಅದು ಬರೀ ನೋವಿನ ಮಾತ್ರೆ ಅಲ್ವಾ?” ಎಂದರು.

ಹುಣ್ಣು ಮಾಡಿದ್ದೇ ಆ ಮಾತ್ರೆ. ಮತ್ತೆ ನುಂಗಿ ಮತ್ತೆ ರಕ್ತ ಹೋದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಗಂಡ ಹೆಂಡಿರಿಬ್ಬರಿಗೂ ಬಿಡಿಸಿ ಹೇಳಿದರು. ಕಿಡ್ನಿ ರಿಪೋರ್ಟ್ ಬಂದ ಮೇಲೆ ಹುಣ್ಣು ಕೆರಳಿಸದ ಬೇರೆ ಔಷಧ ಕೊಡುವುದೆಂದು ತೀರ್ಮಾನವಾಯಿತು. ಕಾಲಿಗೆ ಐಸ್ ಇಟ್ಟು, ಎರಡು ಗಂಟೆಗೆ ಡ್ಯೂಟಿ ಒಪ್ಪಿಸಿ ಹೊರಟೆ.

ವಿಜಯನಗರದ ಬಸ್ಸು ಎರಡು ಸ್ಟಾಪ್ ದಾಟಿರಲಿಲ್ಲ, ನನ್ನ ಎಡಗಾಲಿನ ಹೆಬ್ಬೆರಳಿಗೆ ಕೆಂಡ ಇಟ್ಟಂತಾಯಿತು. ಬಗ್ಗಿ ನೋಡಿದೆ. ಊತವಿಲ್ಲ, ಕೆಂಪಿಲ್ಲ. ಆದರೆ ಚಪ್ಪಲಿಯ ಪಟ್ಟಿ ಮುಟ್ಟಿದರೆ ಜೀವ ಹೋಗುತ್ತಿತ್ತು. ಆ ಕ್ಷಣವೇ, ಶಿವಮಲ್ಲಪ್ಪನವರು ಆ ಮಾತ್ರೆ ನುಂಗಿಬಿಡುತ್ತಾರೆ ಎನ್ನಿಸಿತು. ವಾರ್ಡಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಇಳಿದು, ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಆಟೊ ಹತ್ತಿದೆ.

ಹೋಗಿ ನೋಡಿದರೆ ಗೌರಮ್ಮನ ಕೈಯಲ್ಲಿ ನೀರಿನ ಲೋಟ, ಶಿವಮಲ್ಲಪ್ಪನವರ ಅಂಗೈಯಲ್ಲಿ ಅದೇ ನೋವಿನ ಮಾತ್ರೆ.

“ಕೊಡಿ ಇಲ್ಲಿ” ಎಂದೆ.

“ಒಂದೇ ಒಂದು ಕಣವ್ವ. ಬುಟ್ಬುಡು” ಎಂದು ಅವರು ಗೋಗರೆದರು.

“ಒಂದೇ ಸಾಕು ಹುಣ್ಣು ಬಾಯಿ ಬಿಡೋಕೆ. ಕೊಡಿ.”

“ಓದಿದೋರಿಗೇನು, ಬಾಯಲ್ಲಿ ಹೇಳ್ಬುಡ್ತೀರಿ. ನಿನ್ ಕಾಲಿಗೆ ಬಂದಿದ್ರೆ ಗೊತ್ತಾಗೋದು!”

“ಏನ್ರೀ ಅದು ಮಾತು!” ಎಂದು ಗೌರಮ್ಮ ಗದರಿದರು.

ನನ್ನ ಬಾಯಿಂದ ಊರಿನ ಮಾತೇ ಬಂತು. “ಬಂದದೆ ಕಣಪ್ಪಾಜಿ. ತಡ್ಕೊಂಡು ನಿಂತಿವ್ನಿ.”

ಅವರು ನನ್ನ ಬರಿಗಾಲು ನೋಡಿದರು, ಮುಖ ನೋಡಿದರು, ಮಾತ್ರೆಯನ್ನು ನನ್ನ ಕೈಗೆ ಹಾಕಿದರು. ರಿಪೋರ್ಟ್ ತರಿಸಿ, ಡಾಕ್ಟರಿಗೆ ತೋರಿಸಿ, ಅವರು ಬರೆದ ಔಷಧ ಕೊಡುವವರೆಗೂ ನಾನು ಆ ಮಂಚ ಬಿಟ್ಟು ಕದಲಲಿಲ್ಲ. ನನ್ನ ನೋವು ಯಾವಾಗ ಹೋಯಿತೋ ಗಮನಿಸಲೇ ಇಲ್ಲ. ವಾರದೊಳಗೆ ಅವರು ನಡೆದುಕೊಂಡೇ ಮನೆಗೆ ಹೋದರು.

ಆಮೇಲೆ ನನ್ನ ಯೂರಿಕ್ ಆಸಿಡ್ ಪರೀಕ್ಷೆ ಮಾಡಿಸಿದೆ. ಸರಿಯಾಗಿಯೇ ಇತ್ತು. ಅವತ್ತು ಬೆಳಿಗ್ಗೆಯಿಂದ ಅವರ ಕಾಲನ್ನೇ ನೋಡಿ ಮನಸ್ಸಿಗೆ ಹಚ್ಚಿಕೊಂಡಿದ್ದೆ ಎಂದರು ಜೊತೆಯ ನರ್ಸ್‌ಗಳು. ಇರಬಹುದು. ಆದರೆ ಸರಿಯಾಗಿ ಆ ಹೊತ್ತಿಗೇ ಯಾಕೆ?

ಇನ್ನೊಂದನ್ನೂ ಹೇಳಬೇಕು, ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. ಎರಡು ವರ್ಷದ ಮೇಲೆ ಇಂಥದ್ದೇ ತೊಂದರೆಯ ಇನ್ನೊಬ್ಬರು, ನಾನು ಮನೆಯಲ್ಲಿ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ, ಮನೆಯವರು ತಂದ ಮಾತ್ರೆ ನುಂಗಿದರು. ಮಾರನೆಯ ದಿನ ಮತ್ತೆ ರಕ್ತ ಹೋಯಿತು. ಅವರು ಉಳಿಯಲಿಲ್ಲ. ನನ್ನ ಕಾಲಿಗೆ ಏನೂ ಆಗಿರಲಿಲ್ಲ.

ಅಂದಿನಿಂದ ಇಂಥ ರೋಗಿ ಇದ್ದರೆ ಡ್ಯೂಟಿ ಒಪ್ಪಿಸುವ ಮುಂಚೆ ಬ್ಯಾಗು, ದಿಂಬಿನಡಿ, ಸೆರಗಿನ ಗಂಟು ಎಲ್ಲ ಬಿಚ್ಚಿಸಿ ನೋಡುತ್ತೇನೆ. ಬೈತಾರೆ, ಬೈಸಿಕೊಳ್ಳುತ್ತೇನೆ. ಒಂದು ಸಲ ಬಂದದ್ದು ಏನು, ಇನ್ನೊಂದು ಸಲ ಯಾಕೆ ಬರಲಿಲ್ಲ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಬರಲಿ ಎಂದು ಕಾಯುವುದನ್ನಂತೂ ಬಿಟ್ಟಿದ್ದೇನೆ.