ಬಳೆ ಅಂಗಡಿಯ ಗೋಡೆಯ ಮೇಲಿನ ನಾನು

ಗೆಳೆಯರೇ, ಇಂದು ಬೆಳಿಗ್ಗೆ ಸುರಪುರದ ಬಳೆ ಅಂಗಡಿಯಲ್ಲಿ ಕಳ್ಳತನಕ್ಕೆ ಕೈಹಾಕಿದೆನೆಂದು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ.

ಇಷ್ಟು ವರ್ಷ ಗುಂಪಿನಲ್ಲಿ ನಿಂತು ನಟಿಸಿದವನಿಗೆ ಹಾಸ್ಯ ಧಾರಾವಾಹಿಯೊಂದರ ಪೈಲ್ವಾನನ ಪಾತ್ರ ಕೈಗೆಟುಕುವಂತಿತ್ತು! ‘ಕೂಸಿದ್ದಾಗಲೇ ಮಾಡೆಲ್ ಆಗಿದ್ದೆ’ ಎಂದು ಕೊಚ್ಚಿಕೊಂಡೆ. ನಿರ್ದೇಶಕರು ಸಾಕ್ಷಿ ಕೇಳಿದರು. ಇದ್ದದ್ದು ಒಂದೇ: ನಮ್ಮ ಕಡೆ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ಅಚ್ಚಾಗಿ, ಇನ್ನೂ ಆ ಅಂಗಡಿಯಲ್ಲಿ ತೂಗುತ್ತಿರುವ ನನ್ನ ಚಿತ್ರದ ಕ್ಯಾಲೆಂಡರು. ಮೊಳೆಯಿಂದ ಬಿಡಿಸುತ್ತಿದ್ದಾಗ ಅಂಗಡಿಯ ಶಾಂತಮ್ಮ ಕೈ ಹಿಡಿದರು.

“ಯಾಕೋ ತಮ್ಮಾ, ನಮ್ಮ ಅಂಗಡಿ ಲಕ್ಷ್ಮಿನ ಎಲ್ಲಿಗಿ ಒಯ್ಯಾಕತ್ತಿ?”

“ಅತ್ತೀ, ಅದು ನಂದೇ ಫೋಟೋ ರೀ!”

ಬಳೆ ತೊಡಿಸಿಕೊಳ್ಳುತ್ತಿದ್ದ ಹೆಂಗಸರೆಲ್ಲ ತಿರುಗಿದರು. ಶಾಂತಮ್ಮ ನನ್ನ ಗಲ್ಲ ಹಿಡಿದು ಮೀಸೆಯನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿದರು.

“ಅಯ್ಯ ಶಿವನೇ! ಎಷ್ಟ ಚಂದ ಇದ್ದಿ, ಏನಾತೋ ನಿನಗ? ಈ ಹುಡುಗಿನ್ನ ಹುಡುಕಿ ನನ್ನ ಮಗಗ ತಂದ್ಕೋಬೇಕಂತ ಮಾಡಿದ್ನಲ್ಲೋ!”

ಕ್ಯಾಲೆಂಡರು ಕೊಡಲಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿದೆ. ಮಧ್ಯಾಹ್ನವೇ ಫೋನ್ ಬಂತು, ಪಾತ್ರ ಸಿಕ್ಕಿತು!

ಉಳಿದದ್ದನ್ನೂ ಹೇಳಿಬಿಡುತ್ತೇನೆ. ಜಾವಳ ತೆಗೆಸುವ ಮೊದಲು ಅವ್ವ ನನಗೆ ಮೊಗ್ಗಿನ ಜಡೆ ಹೆಣೆದು, ಲಂಗ ಉಡಿಸಿ ತೆಗೆಸಿದ ಫೋಟೋ ಅದು; ಸ್ಟುಡಿಯೋದವರು ಅದನ್ನೇ ಕ್ಯಾಲೆಂಡರಿಗೆ ಕೊಟ್ಟಿದ್ದರು. ಸಿಕ್ಕಿದ್ದು ಪೈಲ್ವಾನನ ಪಾತ್ರವಲ್ಲ, ಅವನ ಅಕ್ಕನದು. ನಾಳೆ ಮೀಸೆ ಬೋಳಿಸಬೇಕು.