ದುರ್ಗೇಶನ ಅಂಗಡಿಗೆ ದುರ್ಗೇಶನಿಗೇ ಪ್ರವೇಶವಿಲ್ಲ

ರಾಯಚೂರು ಕಡೆಯ ದುರ್ಗೇಶ ಹುಟ್ಟುಕುರುಡ. ಹಲಸೂರಿನಲ್ಲಿ ಅವನು ನಡೆಸುತ್ತಿದ್ದ ಎಸ್‌ಟಿಡಿ ಬೂತನ್ನು ಮೊಬೈಲುಗಳು ನುಂಗಿದ ಮೇಲೆ, ಅಂಧರ ಶಾಲೆಯಲ್ಲಿ ಕಲಿತಿದ್ದ ಬೆತ್ತದ ಕುರ್ಚಿ ಹೆಣೆಯುವ ಕೆಲಸಕ್ಕೆ ಮರಳಿ, ಜೀವನ್ ಬಿಮಾ ನಗರದಲ್ಲೊಂದು ಕೋಣೆ ಹಿಡಿದ. ವೆಬ್‌ಸೈಟ್ ಇಲ್ಲದ ಅಂಗಡಿ ಅಂಗಡಿಯೇ ಅಲ್ಲ ಎಂದು ಅವನ ತಲೆಗೆ ತುಂಬಿದವನು ಕಿರಣಕುಮಾರ, ಒಂದು ಕಂಪ್ಯೂಟರು ಒಂದು ಫ್ಯಾನಿನ ಕಂಪನಿಗೆ ಸಿಇಒ. ಉದ್ಘಾಟನೆಯ ದಿನ ಮಾನಿಟರಿಗೆ ಹೂಮಾಲೆ ಹಾಕಿಸಿ ಭಾಷಣವನ್ನೂ ಮಾಡಿದ. ಪರದೆಯ ಮೇಲೆ ಕುರ್ಚಿಗಳು ಗಿರಗಿರನೆ ತಿರುಗುತ್ತ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ದುರ್ಗೇಶನೂ ತಟ್ಟಿದ. ಪರದೆಯ ಬರಹವನ್ನು ಅವನಿಗೆ ಓದಿ ಹೇಳುವ ತಂತ್ರಾಂಶ ಮಾತ್ರ "ಗ್ರಾಫಿಕ್, ಗ್ರಾಫಿಕ್" ಎಂದು ಸುಮ್ಮನಾಯಿತು.

೨೦೦೭ರ ಬೇಸಿಗೆಯಲ್ಲಿ ಇಂದಿರಾನಗರದ ಕ್ಲಬ್ಬೊಂದು ತನ್ನ ಊಟದ ಕೋಣೆಯ ಅಷ್ಟೂ ಕುರ್ಚಿಗಳಿಗೆ ಬೆತ್ತ ಹೆಣೆಯುವ ಕೆಲಸವನ್ನು ಅವನಿಗೇ ಕೊಡಲು ಮನಸ್ಸು ಮಾಡಿತು. ಇದು ತಪ್ಪಿದರೆ ಕೋಣೆ ಖಾಲಿ ಮಾಡಿ ಊರಿನ ಬಸ್ಸು ಹತ್ತುವುದೇ ಉಳಿದ ದಾರಿ. ಕಾರ್ಯದರ್ಶಿಗಳು ಬಹಳ ಆಧುನಿಕರು.

"ಸಂಜೆ ಐದರೊಳಗೆ ನಿಮ್ಮ ಸೈಟಿಂದಾನೇ ಒಪ್ಪಿಗೆ ಕಳಿಸ್ಬಿಡಿ. ನಮ್ದೆಲ್ಲಾ ಆನ್‌ಲೈನ್."

ಕಳಿಸಲು ಸೈಟಿನ ಒಳಗೆ ಹೋಗಬೇಕು. ಹೋಗಲು ಚಿತ್ರವೊಂದರಲ್ಲಿದ್ದ ಸೊಟ್ಟಪಟ್ಟ ಇಂಗ್ಲಿಷ್ ಅಕ್ಷರಗಳನ್ನು ನೋಡಿ ಒತ್ತಬೇಕು. ದುರ್ಗೇಶ ಕಿರಣಕುಮಾರನಿಗೆ ಫೋನು ಮಾಡಿದ.

"ಸಿಂಪಲ್ ಸಾರ್, ನೋಡ್ಕೊಂಡು ಟೈಪ್ ಮಾಡಿ. ಸೆಕ್ಯುರಿಟಿ ಅದು. ಒಳಗೆ ಬರ್ತಿರೋದು ಮನುಷ್ಯರೇನಾ ಅಂತ ಚೆಕ್ ಮಾಡುತ್ತೆ."

"ನಾ ಮನುಷ್ಯಾ ಅಲ್ಲೇನ್ರಿ?"

"ಮೀಟಿಂಗಲ್ಲಿದೀನಿ ಸಾರ್."

ಹೆಂಡತಿ ನಾಗರತ್ನಾಳಿಗೆ ಕಣ್ಣಿತ್ತು, ಇಂಗ್ಲಿಷ್ ಇರಲಿಲ್ಲ. ಪರದೆಗೆ ಮೂಗು ತಾಗಿಸಿ ಹೇಳಿದಳು: "ಮೊದಲನೇದು ಕುಡಗೋಲ್ ಇದ್ದಂಗ್ ಐತ್ರಿ. ಅದರ ಬಾಜೂಕ ಬಸುರಿ ನಿಂತಂಗ."

ದುರ್ಗೇಶನಿಗೆ ಇಂಗ್ಲಿಷ್ ಬರುತ್ತಿತ್ತು. ಆದರೆ ಕಲಿತದ್ದು ಬ್ರೈಲಿನ ಚುಕ್ಕೆಗಳಲ್ಲಿ. ಅಚ್ಚಿನ ಅಕ್ಷರದ ಆಕಾರ ಅವನ ಬೆರಳಿಗೆ ಎಂದೂ ಸಿಕ್ಕಿರಲಿಲ್ಲ.

"ಯಾವ ಅಕ್ಷರಕ್ಕ ಹೊಟ್ಟಿ ಇರ್ತದ?"

"ನನ್ನ ಕೇಳ್ತೀರಿ! ಸಾಲಿಗೆ ಹೋದಾವ್ರು ನೀವು."

ಕೊನೆಗೆ ಅವಳೇ ಆ ಆಕಾರಗಳನ್ನು ಚೀಟಿಯಲ್ಲಿ ಗೀಚಿಕೊಂಡು ಔಷಧಿ ಅಂಗಡಿಗೆ ಓಡಿದಳು. ಡಾಕ್ಟರುಗಳ ಬರಹ ಓದಿ ಪಳಗಿದ ಅಂಗಡಿಯವನಿಗೆ ಇದೇನು ಮಹಾ? ಗಳಿಗೆಯಲ್ಲಿ ಓದಿಕೊಟ್ಟ. ಬಾಯಿಪಾಠ ಮಾಡುತ್ತ ಏದುಸಿರಿನಲ್ಲಿ ಬಂದರೆ, ಹೊತ್ತು ಮೀರಿ ಚಿತ್ರ ತಾನಾಗಿಯೇ ಬದಲಾಗಿತ್ತು. ಮತ್ತೆ ಗೀಚಿದಳು, ಮತ್ತೆ ಓಡಿದಳು. ಮತ್ತೆ ಬದಲಾಗಿತ್ತು. ಅಷ್ಟರಲ್ಲಿ ಐದು ದಾಟಿ, ಕ್ಲಬ್ಬಿನಿಂದ ಫೋನು ಬಂತು.

"ಏನೂ ಬಂದಿಲ್ವಲ್ರೀ ಸೈಟಿಂದ?"

"ಬಾಯಿಲೆ ಹೇಳಾಕತ್ತೀನಲ್ರಿ ಸರ, ಒಪ್ಪೀನಿ ನಾನು!"

"ಬಾಯ್ಮಾತು ರೆಕಾರ್ಡ್ ಆಗಲ್ಲ ನೋಡಿ. ಬೇರೆಯವ್ರಿಗೆ ಕೊಡ್ತಿದೀವಿ. ಬೇಜಾರ್ ಮಾಡ್ಕೋಬೇಡಿ."

ಮಾರನೆಯ ದಿನ ಕಿರಣಕುಮಾರ ಬಂದು, ಸೂತಕದ ಮುಖ ಹೊತ್ತು, ಸೊಟ್ಟ ಅಕ್ಷರಗಳ ಚಿತ್ರವನ್ನೂ ತಿರುಗುವ ಕುರ್ಚಿಗಳನ್ನೂ ಕಿತ್ತು ಬರೀ ಬರಹ ಉಳಿಸಿದ. "ಸೈಟಿನ ಲುಕ್ಕೇ ಹೋಯ್ತು ಸಾರ್." ದುರ್ಗೇಶ ಮೊದಲ ಬಾರಿಗೆ ತನ್ನ ಅಂಗಡಿಯ ಹೆಸರನ್ನು ಕಂಪ್ಯೂಟರಿನ ಬಾಯಲ್ಲಿ ಕೇಳಿದ. ಸೈಟಿನಿಂದಲೇ ಕ್ಲಬ್ಬಿಗೆ ಬರೆದ: ಎಲ್ಲಾ ಬೇಡ, ಒಂದು ಕುರ್ಚಿಯನ್ನಾದರೂ ಕಳಿಸಿ.

ನಾಗರತ್ನಾ ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದಳು.

"ಏನಂತದ್ರಿ ಕಂಪ್ಯೂಟರು?"

"ಹೊಸಾ ಪತ್ರ ಏನೂ ಇಲ್ಲಂತ."

"ಇನ್ನೊಮ್ಮಿ ಕೇಳ್ರಿ."

ಅವನು ಇನ್ನೊಮ್ಮೆ ಒತ್ತಿದ.