ಲೀಲಕ್ಕನ ಹಾಡಿಗೆ ಓಗೊಟ್ಟವರು

ಸುಳ್ಳು ಹೇಳಿ ನನಗೆ ಆಗಬೇಕಾದದ್ದೇನೂ ಇಲ್ಲ. ಕಡಬದಲ್ಲಿ ಸಣ್ಣದೊಂದು ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡು ಕಿವಿಯನ್ನೇ ನಂಬಿ ಬದುಕುವವನು ನಾನು. ಕೇಳಿದ್ದು ಯಾವುದು, ಕೇಳಿದ ಹಾಗಾದದ್ದು ಯಾವುದು ಎಂದು ತಿಳಿಯದಷ್ಟು ದಡ್ಡನಲ್ಲ.

ಇಚಿಲಂಪಾಡಿಯ ಸುಮತಿ ತನ್ನ ತಾಯಿ ಲೀಲಕ್ಕನನ್ನು ಕರೆತಂದಿದ್ದಳು. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೇಳುವ ಹಾಡೊಂದು ಅವರ ಮನೆಯವರಿಗೆ ಮಾತ್ರ ಗೊತ್ತು. ಗದ್ದೆಗಳೆಲ್ಲ ರಬ್ಬರ್ ತೋಟವಾದ ಮೇಲೆ ಹಾಡುವವರೇ ಇಲ್ಲ. ಲೀಲಕ್ಕ ಸಾಲು ಹೇಳಿದರೆ, ತಂಗಿ ಕುಸುಮಕ್ಕ "ಓ..." ಎಂದು ಉದ್ದಕ್ಕೆ ಎಳೆದು ಓಗೊಡುತ್ತಿದ್ದರಂತೆ. ಕುಸುಮಕ್ಕ ಹೋದ ವರ್ಷ ತೀರಿಕೊಂಡರು. ಕೊನೆಯ ಚರಣ ನೆನಪಿದ್ದದ್ದು ಅವರಿಗೊಬ್ಬರಿಗೇ. ಉಳಿದದ್ದಾದರೂ ಉಳಿಯಲಿ ಎಂಬುದು ಸುಮತಿಯ ಹಟ.

ರಸ್ತೆಯ ಸದ್ದು ಅಡಗಲಿ ಎಂದು ರಾತ್ರಿ ಊಟದ ಮೇಲೆ ಕೂತೆವು. ಮುದುಕಿ ಬಾಯಿಯೇ ಬಿಡಲೊಲ್ಲರು.

"ಓಗೊಡುವವರು ಇಲ್ಲದೆ ಹೇಗೆ ಹೇಳುದು ಮಾರಾಯ? ಇದನ್ನು ಒಬ್ಬರೇ ಹೇಳ್ಲಿಕ್ಕಿಲ್ಲ."

ನನಗೆ ಮೊದಲೇ ತಾಳ್ಮೆ ಕಡಿಮೆ. "ನಿಮ್ಮ ಸ್ವರವನ್ನೇ ವಾಪಸು ತರ್ತೇನೆ ಲೀಲಕ್ಕ. ಡಿಲೇ ಅಂತ ಉಂಟು, ಗುಡ್ಡದಲ್ಲಿ ಕೂಗಿದ್ರೆ ಕೇಳುದಿಲ್ವಾ, ಹಾಗೆ."

ತೊಡೆಯ ಮೇಲೆ ಅವರ ಬೆರಳು ಹಾಕುತ್ತಿದ್ದ ತಾಳ ನೋಡಿ ಹಾಡಿನ ವೇಗ, ನಮ್ಮ ಭಾಷೆಯಲ್ಲಿ ಟೆಂಪೋ, ಹಿಡಿದೆ. ಸಾಲಿನ ಕೊನೆ ಸರಿಯಾಗಿ ತಾಳಕ್ಕೇ ಮರಳುವಂತೆ ಡಿಲೇ ಕೂರಿಸಿದೆ. ಅವರು ಗಾಜಿನ ಆಚೆ, ನಾನೂ ಸುಮತಿಯೂ ಈಚೆ, ಲೀಲಕ್ಕನಿಗೂ ನನಗೂ ಮಾತ್ರ ಹೆಡ್‌ಫೋನ್. ಹಾಡಿದರು... ಸಾಲಿನ ಕೊನೆಯ ಎಳೆತ "ಓ..." ಎಂದು ಅವರದೇ ಸ್ವರದಲ್ಲಿ ಮರಳಿತು. ಚಂದ ಬಂತು.

ಮೂರನೇ ಸಾಲಿಗೆ ಓಗೊಟ್ಟದ್ದು ಅರೆತಾಳ ತಡವಾಯಿತು. ಟೆಂಪೋ ನೋಡಿದೆ, ಸರಿಯಾಗಿಯೇ ಇತ್ತು. ಮುಂದಿನ ಸಾಲಿಗೆ ಇನ್ನೂ ತಡ... ಯಂತ್ರಕ್ಕೆ ಸೋಮಾರಿತನ ಬರುವುದಿಲ್ಲ ಸ್ವಾಮಿ.

ಲೀಲಕ್ಕ ನಕ್ಕರು. "ಇವಳು ಯಾವಾಗ್ಲೂ ಹೀಗೇ. ಬೇಗ ಹೇಳು ಮಾರಾಯ್ತಿ!"

ಸಿಟ್ಟು ಬಂದು ಡಿಲೇಯನ್ನೇ ಆಫ್ ಮಾಡಿದೆ. ಓಗೊಡುವುದು ನಿಲ್ಲಲಿಲ್ಲ.

ಬಾಗಿಲು ಮುಚ್ಚಿದ ಎಸಿ ಕೋಣೆಯಲ್ಲಿ ಉತ್ತ ಗದ್ದೆಯ ಕೆಸರಿನ ವಾಸನೆ... ಲೀಲಕ್ಕನಿಗೆ ಗೊತ್ತಿದ್ದಷ್ಟು ಮುಗಿದಿತ್ತು. ಆಗ ನನ್ನ ಕಿವಿಯಲ್ಲಿ, ತೀರಾ ಹತ್ತಿರದಲ್ಲಿ, ಯಾರೋ ಉಸಿರೆಳೆದುಕೊಂಡರು. ಹಾಡು ಎತ್ತಿಕೊಳ್ಳುವ ಮೊದಲು ಎಳೆದುಕೊಳ್ಳುತ್ತಾರಲ್ಲ, ಅಂಥ ಉಸಿರು. ಅಯ್ಯೋ ದೇವರೇ ಎಂದು ಹೆಡ್‌ಫೋನ್ ಕಿತ್ತೆಸೆದೆ.

ಗಾಜಿನಾಚೆ ಲೀಲಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುನಡುವೆ ಅವರ ತುಟಿ "ಓ..." ಎನ್ನುತ್ತಿತ್ತು. ಈಗ ಓಗೊಡುತ್ತಿದ್ದವರು ಅವರು.

ಹೊರಬಂದಾಗ ಮುಖ ಅರಳಿತ್ತು. "ಕುಸುಮ ಪೂರ್ತಿ ಹೇಳಿದ್ಲು. ಕೊನೇದೂ ಹೇಳಿದ್ಲು."

"ಚಿಕ್ಕಮ್ಮ ಎಂತ ಹೇಳಿದ್ರು? ಈಗ್ಲೇ ಹೇಳಮ್ಮ!" ಸುಮತಿ ತಾಯಿಯ ತೋಳು ಹಿಡಿದಳು.

"ನಾನು ಓಗೊಟ್ಟದ್ದು ಮಾತ್ರ ಮಗಳೇ. ಕೇಳಿದ್ದು ತಲೆಯಲ್ಲಿ ನಿಲ್ಲುದಿಲ್ಲ ನನಗೆ."

ರೆಕಾರ್ಡಿಂಗ್ ಹಾಕಿದೆವು. ಲೀಲಕ್ಕನ ಸ್ವರ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಕೊನೆಯಲ್ಲಿ ಮೌನ... ಒಂದು "ಓ..." ಮತ್ತೆ ಮೌನ.

ಸುಮತಿ ನನ್ನ ಕಡೆ ತಿರುಗಿದಳು. "ಅಣ್ಣ, ಹೆಡ್‌ಫೋನ್ ನೀವೂ ಹಾಕಿದ್ರಲ್ಲ... ನಿಮಗೆ ಕೇಳಿರ್ಬೇಕು. ಎಂತ ಹೇಳಿದ್ರು?"

ಕಿತ್ತೆಸೆದಿದ್ದ ಹೆಡ್‌ಫೋನನ್ನು ನೆಲದಿಂದ ಹೆಕ್ಕಿ ಮೇಜಿನ ಮೇಲಿಟ್ಟೆ.

ಈಗಲೂ ಒಬ್ಬನೇ ಕೂತು ಆ ಫೈಲ್ ಹಾಕುತ್ತೇನೆ, ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು. ಉಸಿರೂ ಕೇಳುವುದಿಲ್ಲ. ಇನ್ನೊಮ್ಮೆ ಕೇಳಿದರೆ ಕಿತ್ತೆಸೆಯುವುದಿಲ್ಲ ಎಂದು ಆಣೆ ಹಾಕಿ ಹೇಳುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ.